ಸರ್ವರ್ ಆರಿಸುವ ಮುನ್ನ, ಎಬ್ಬಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಚೇರಿ, ಕಾಲೇಜು, ಸಹಕಾರ ಸಂಘಗಳಲ್ಲಿ ಒಂದೆರಡು ಸರ್ವರ್ ನೋಡಿಕೊಳ್ಳುವವರಿಂದ ಬಂದ ಪ್ರಶ್ನೆಗಳಲ್ಲಿ ಸರ್ವರ್ ಆರಿಸುವುದು ಅಂದರೆ ಆಫ್ ಮಾಡುವುದು ಮತ್ತು ಎಬ್ಬಿಸುವುದು ಅಂದರೆ ಆನ್ ಮಾಡುವುದಕ್ಕೆ ಸಂಬಂಧಿಸಿದವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜು ಗ್ರಂಥಾಲಯದ ಕೋಹಾ ತಂತ್ರಾಂಶ ಒಂದು ಸಣ್ಣ ಉಬುಂಟು ಸರ್ವರ್‌ನಲ್ಲಿದೆ. ಸಂಜೆ ಬಾಗಿಲು ಹಾಕುವಾಗ ಅಟೆಂಡರ್ ಬೇರೆ ಕಂಪ್ಯೂಟರ್‌ಗಳ ಜತೆ ಅದರ ಗೋಡೆ ಸ್ವಿಚ್ಚನ್ನೂ ಆರಿಸಿಬಿಡುತ್ತಾರೆ. ತಿಂಗಳಿಗೊಮ್ಮೆಯಾದರೂ ಬೆಳಿಗ್ಗೆ ಡೇಟಾಬೇಸ್ ತೆರೆಯುವುದೇ ಇಲ್ಲ. ಮುಂಭಾಗದ ಪವರ್ ಬಟನ್ ಒತ್ತಿ ಆರಿಸಿದರೆ ಸಾಕೇ? (ಗ್ರಂಥಪಾಲಕಿ, ಹಾವೇರಿ)

ಉತ್ತರ: ಸಾಕು, ಆದರೆ ಒತ್ತುವ ರೀತಿ ಮುಖ್ಯ. ಬಟನ್ನನ್ನು ಒಮ್ಮೆ ಒತ್ತಿ ಕೈ ಬಿಟ್ಟರೆ ಅದು ಕರೆಂಟನ್ನು ಕಡಿಯುವುದಿಲ್ಲ. ಕೆಲಸ ಮುಗಿಸಿ ಮುಚ್ಚಿಕೊ ಎಂಬ ಸೂಚನೆಯನ್ನಷ್ಟೇ ಆಪರೇಟಿಂಗ್ ಸಿಸ್ಟಮ್‌ಗೆ ಮುಟ್ಟಿಸುತ್ತದೆ. ಅದೇ ಬಟನ್ನನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಕರೆಂಟು ಥಟ್ಟನೆ ಹೋಗುತ್ತದೆ. ಗೋಡೆ ಸ್ವಿಚ್ ಆರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇನ್ನೊಂದು ಎಚ್ಚರಿಕೆ: ಡೆಸ್ಕ್‌ಟಾಪ್ ಪರದೆ ಇರುವ ಉಬುಂಟು ಹಾಕಿದ್ದರೆ ಬಟನ್ ಒತ್ತಿದಾಗ ಅದು ಆರುವ ಬದಲು ಸಸ್ಪೆಂಡ್‌ಗೆ (ಅರೆನಿದ್ದೆಗೆ) ಹೋಗಬಹುದು. ಪವರ್ ಸೆಟ್ಟಿಂಗ್‌ನಲ್ಲಿ ಬಟನ್‌ಗೆ ಯಾವ ಕೆಲಸ ಕೊಟ್ಟಿದೆ ಎಂದು ಮೊದಲು ನೋಡಿ. ಕಮಾಂಡ್ ಬರೆಯಲು ಬರುವವರಿದ್ದರೆ ಶಟ್‌ಡೌನ್ ಕಮಾಂಡ್ ಕೊಡುವುದೇ ಸರಿ. ಅದಕ್ಕೆ ಐದು ನಿಮಿಷದ ಅವಧಿ ಹಾಕಿದರೆ ಲಾಗಿನ್ ಆಗಿರುವವರ ಟರ್ಮಿನಲ್‌ಗೆ ಎಚ್ಚರಿಕೆಯೂ ಹೋಗುತ್ತದೆ.

ಥಟ್ಟನೆ ಆರಿಸಿದರೆ ಹಾಳಾಗುವುದು ಏಕೆ? ನೀವು ಒಂದು ಪುಸ್ತಕ ವಾಪಸು ಬಂತೆಂದು ಒತ್ತಿದ ಕ್ಷಣದಲ್ಲೇ ಅದು ಡಿಸ್ಕ್ ಮೇಲೆ ಬರೆದಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಉಬುಂಟುವಿನ ತಿರುಳಾದ ಲಿನಕ್ಸ್ ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಕೂಡಿಡುತ್ತದೆ. ಐದು ಸೆಕೆಂಡಿಗೊಮ್ಮೆ ಎದ್ದು ನೋಡಿ, ಮೂವತ್ತು ಸೆಕೆಂಡಿಗಿಂತ ಹಳೆಯದಾದದ್ದನ್ನು ಡಿಸ್ಕಿಗೆ ಇಳಿಸುವುದು ಅದರ ಮಾಮೂಲಿ ಕ್ರಮ. ಡೇಟಾಬೇಸ್‌ಗಳು ಇದನ್ನೇ ನಂಬಿ ಕೂರುವುದಿಲ್ಲ. ಕೋಹಾ ಬಳಸುವ ಮರಿಯಾಡಿಬಿ ಎಂಬ ಡೇಟಾಬೇಸಿನ ಇನ್ನೋಡಿಬಿ ಬಗೆಯ ಟೇಬಲ್‌ಗಳು ಪ್ರತಿ ವ್ಯವಹಾರವನ್ನೂ ಬೇರೊಂದು ಲಾಗ್‌ನಲ್ಲಿ (ದಿನಚರಿ ಕಡತದಲ್ಲಿ) ಬರೆದು, ಅದು ಡಿಸ್ಕಿಗೆ ಮುಟ್ಟಿದ ಮೇಲೆಯೇ ಆಯಿತು ಎನ್ನುತ್ತವೆ. ಕರೆಂಟು ಹೋಗಿ ಬಂದರೆ ಆ ಲಾಗ್ ಓದಿ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಹಾಗಿದ್ದೂ ನಿಮ್ಮಲ್ಲಿ ತಿಂಗಳಿಗೊಮ್ಮೆ ತೆರೆಯದೆ ಹೋಗುತ್ತಿದೆ ಎಂದರೆ ಡಿಸ್ಕಿನ ಮೇಲೆ ಅನುಮಾನಪಡಬೇಕು. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಕರೆಂಟು ಹೋದಾಗ ಒಳಗಿನ ಕ್ಯಾಷ್ (ತಾತ್ಕಾಲಿಕ ಸಂಗ್ರಹ) ಕಾಪಾಡುವ ಕೆಪಾಸಿಟರ್ ಇರುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ತೆಗೆದು ಕೆಟ್ಟ ಸೆಕ್ಟರ್‌ಗಳ ಎಣಿಕೆ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಈ ವಾರವೇ ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ.

ಆರುವಾಗ ಪರದೆಯ ಮೇಲೆ ಯಾವುದೋ ಸೇವೆ ನಿಲ್ಲುವುದಕ್ಕೆ ಕಾಯುತ್ತಿದ್ದೇನೆ ಎಂಬ ಸಾಲು ಬಂದು ಸೆಕೆಂಡು ಎಣಿಸುತ್ತಿದ್ದರೆ ಕೈ ಹಚ್ಚಬೇಡಿ. ಉಬುಂಟು ಮಾಮೂಲಿಯಾಗಿ ಒಂದು ಸೇವೆಗೆ 90 ಸೆಕೆಂಡು ಕೊಡುತ್ತದೆ, ಆಮೇಲೆ ತಾನೇ ಮುಂದಕ್ಕೆ ಹೋಗುತ್ತದೆ. ಪರದೆ ಕಪ್ಪಾಗಿ, ಫ್ಯಾನ್ ಸದ್ದು ನಿಂತ ಮೇಲಷ್ಟೇ ಗೋಡೆ ಸ್ವಿಚ್.

ಇಷ್ಟು ಹೇಳಿದ ಮೇಲೂ ನಮ್ಮ ಸಲಹೆ, ಆ ಸರ್ವರನ್ನು ರಾತ್ರಿ ಆರಿಸಲೇಬೇಡಿ. ಗಡುವು ಮೀರಿದ ಪುಸ್ತಕಗಳ ನೋಟಿಸು, ಬ್ಯಾಕಪ್ ಮುಂತಾದ ಕೋಹಾದ ಕೆಲಸಗಳನ್ನು ಸಾಮಾನ್ಯವಾಗಿ ರಾತ್ರಿಗೇ ಹೊಂದಿಸಿರುತ್ತಾರೆ. ದಿನವೂ ಆರಿಸಿದರೆ ಅವು ಯಾವತ್ತೂ ನಡೆಯುವುದಿಲ್ಲ. ಸರ್ವರ್, ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ) ಎರಡಕ್ಕೂ ಬೇರೆ ಲೈನ್ ಎಳೆಸಿ, ಅದರ ಎಂಸಿಬಿ ಬೇರೆ ಪೆಟ್ಟಿಗೆಯಲ್ಲಿರಲಿ. ಅಟೆಂಡರ್ ಅವರಿಗೆ ಎಷ್ಟು ಸಲ ಹೇಳಿದರೂ ಕೈಗೆಟುಕುವ ಸ್ವಿಚ್ ಒಂದಲ್ಲ ಒಂದು ದಿನ ಆರಿಯೇ ಆರುತ್ತದೆ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಎರಡು ಸರ್ವರ್ (ಒಂದರಲ್ಲಿ ಎಲ್ಲರ ಲಾಗಿನ್ ನೋಡಿಕೊಳ್ಳುವ ವಿಂಡೋಸ್ ಡೊಮೇನ್, ಇನ್ನೊಂದರಲ್ಲಿ ಡೇಟಾಬೇಸ್ ಮತ್ತು ಲೆಕ್ಕದ ತಂತ್ರಾಂಶ), ದಾಖಲೆ ಇಡುವ ಒಂದು ನ್ಯಾಸ್ ಪೆಟ್ಟಿಗೆ, 24 ಪೋರ್ಟಿನ ಸ್ವಿಚ್, ಒಂದು ಯುಪಿಎಸ್ ಇವೆ. ಟ್ರಾನ್ಸ್‌ಫಾರ್ಮರ್ ಬದಲಿಸಲು ಭಾನುವಾರ ಇಡೀ ದಿನ ಕರೆಂಟು ತೆಗೆಯುತ್ತಾರಂತೆ. ಯಾವುದನ್ನು ಮೊದಲು ಆರಿಸಬೇಕು, ಯಾವುದನ್ನು ಮೊದಲು ಎಬ್ಬಿಸಬೇಕು? ವರ್ಷಕ್ಕಿಂತ ಹೆಚ್ಚಾಯಿತು, ಅವು ಆರಿದ್ದೇ ಇಲ್ಲ. (ಕಾರ್ಯದರ್ಶಿ, ತುಮಕೂರು)

ಉತ್ತರ: ವರ್ಷದಿಂದ ಆರಿಲ್ಲ ಎಂದಿದ್ದೀರಲ್ಲ, ಕೆಲಸ ಅಲ್ಲಿಂದಲೇ ಶುರುವಾಗಬೇಕು. ಭಾನುವಾರಕ್ಕೆ ಮೊದಲೇ, ಕರೆಂಟು ಕೈಯಲ್ಲಿರುವಾಗ, ಒಂದು ಸಂಜೆ ಪ್ರತಿ ಸರ್ವರನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಯಾರೋ ಕೈಯಿಂದ ಶುರುಮಾಡಿ ಮರೆತ ಸೇವೆ, ಅರ್ಧ ಕೂತ ಅಪ್‌ಡೇಟ್, ಹಿಂದೆ ಸಿಕ್ಕಿಸಿ ಬಿಟ್ಟ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೋಗಿ ನಿಲ್ಲುವುದು, ಇವೆಲ್ಲ ಆಗಲೇ ಬಯಲಾಗುತ್ತವೆ. ಭಾನುವಾರ ರಾತ್ರಿ ಬಯಲಾದರೆ ಅದು ಟ್ರಾನ್ಸ್‌ಫಾರ್ಮರ್ ತಂದ ತೊಂದರೆಯೋ ಹಳೆಯದೋ ತಿಳಿಯುವುದಿಲ್ಲ. ಈ ರೀಸ್ಟಾರ್ಟಿಗೂ ಮೊದಲು ಬ್ಯಾಕಪ್ ತೆಗೆದು, ಅದರಿಂದ ಒಂದು ಟೇಬಲ್ಲನ್ನಾದರೂ ಬೇರೆ ಕಡೆ ಮರಳಿ ಇಳಿಸಿ ನೋಡಿರಬೇಕು. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್‌ನಲ್ಲಿ ಯಾವುದಾದರೂ ಡಿಸ್ಕ್ ಕೆಟ್ಟು ಕೆಂಪು ಅಥವಾ ಅಂಬರ್ ದೀಪ ಉರಿಯುತ್ತಿದ್ದರೆ ಅದನ್ನು ಬದಲಿಸಿ, ರೀಬಿಲ್ಡ್ (ಹೊಸ ಡಿಸ್ಕಿಗೆ ಮಾಹಿತಿ ಮತ್ತೆ ತುಂಬುವುದು) ಮುಗಿಯುವವರೆಗೂ ಆರಿಸುವ ಮಾತೇ ಬೇಡ. ವರ್ಷಗಟ್ಟಲೆ ತಿರುಗಿದ ಡಿಸ್ಕ್ ಕೈಕೊಡುವುದು ಹೆಚ್ಚಾಗಿ ನಿಂತು ಮತ್ತೆ ತಿರುಗಲು ತೊಡಗುವ ಹೊತ್ತಿನಲ್ಲಿ. ರೇಡ್ 5 ಎಂಬ ಬಗೆ ಒಂದೇ ಡಿಸ್ಕಿನ ನಷ್ಟ ತಡೆಯುತ್ತದೆ; ಆಗಲೇ ಒಂದು ಡಿಸ್ಕ್ ಇಲ್ಲದ ಅದರಲ್ಲಿ ಇನ್ನೊಂದೂ ಹೋದರೆ ಉಳಿಯುವುದು ನಿಮ್ಮ ಬ್ಯಾಕಪ್ ಒಂದೇ.

ಸ್ವಿಚ್ಚಿನ ಕಾನ್ಫಿಗರೇಷನ್ ಮರೆಯಬೇಡಿ. ನಿರ್ವಹಿಸಬಹುದಾದ ಸ್ವಿಚ್‌ಗಳಲ್ಲಿ ಈಗ ನಡೆಯುತ್ತಿರುವ ಕಾನ್ಫಿಗರೇಷನ್ ಬೇರೆ, ಉಳಿಸಿಟ್ಟ ಕಾನ್ಫಿಗರೇಷನ್ ಬೇರೆ. ವರ್ಷದ ಹಿಂದೆ ಯಾರೋ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಸೇರಿಸಿ ಉಳಿಸದೆ ಬಿಟ್ಟಿದ್ದರೆ ಕರೆಂಟು ಹೋದೊಡನೆ ಅದು ಮಾಯ. ಆಮೇಲೆ ಸರ್ವರ್‌ಗಳು ಸರಿಯಿದ್ದೂ ಒಂದಕ್ಕೊಂದು ಮಾತಾಡುವುದಿಲ್ಲ. ಶನಿವಾರವೇ ಉಳಿಸಿ, ಅದರ ಒಂದು ಪ್ರತಿಯನ್ನು ಹೊರಗೂ ಇಡಿ. ಪಾಸ್‌ವರ್ಡ್, ಐಪಿ ವಿಳಾಸ, ಯಾವ ಕೇಬಲ್ ಎಲ್ಲಿಗೆ ಎಂಬುದು ಕಾಗದದ ಮೇಲಿರಲಿ. ನ್ಯಾಸ್‌ನಲ್ಲಿಟ್ಟ ಪಾಸ್‌ವರ್ಡ್ ಪಟ್ಟಿ ನ್ಯಾಸ್ ಆರಿದಾಗ ಕೈಗೆ ಸಿಗದು.

ಕ್ರಮದ ವಿಷಯ ಒಂದೇ ಪ್ರಶ್ನೆಯಲ್ಲಿ ನಿಂತಿದೆ: ಯಾವುದು ಯಾವುದನ್ನು ನೆಚ್ಚಿಕೊಂಡಿದೆ? ನೆಚ್ಚಿಕೊಂಡದ್ದು ಮೊದಲು ಆರಬೇಕು, ಆಸರೆಯಾದದ್ದು ಕೊನೆಗೆ. ಎಬ್ಬಿಸುವಾಗ ಇದರ ತಿರುಗುಮುರುಗು.

ಆರಿಸುವ ದಿನ ಶಾಖೆಗಳವರೆಲ್ಲ ಹೊರಬಂದರೆಂದು ಖಾತ್ರಿ ಮಾಡಿಕೊಂಡು, ಬ್ಯಾಕಪ್ ಕೆಲಸ ಓಡುತ್ತಿಲ್ಲವೆಂದು ನೋಡಿ, ಮೊದಲು ಲೆಕ್ಕದ ತಂತ್ರಾಂಶದ ಸೇವೆಯನ್ನು ನಿಲ್ಲಿಸಿ. ಹೊಸ ವ್ಯವಹಾರ ಬರುವುದು ನಿಂತ ಮೇಲೆ ಡೇಟಾಬೇಸನ್ನು ಕೈಯಿಂದಲೇ ನಿಲ್ಲಿಸಿ. ಶಟ್‌ಡೌನ್ ಹೊತ್ತಿನಲ್ಲಿ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಸೇವೆಗಳಿಗೆ ಕೊಡುವ ಗಡುವು ಚಿಕ್ಕದು. ಗಡುವು ಮೀರಿದರೆ ಕೆಲಸ ಮುಗಿಯದಿದ್ದರೂ ಕೊಂದುಬಿಡುತ್ತವೆ. ಕೈಯಿಂದ ನಿಲ್ಲಿಸಿದರೆ ಅದು ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಅದಕ್ಕೆ ಮೂರು ಬಗೆಯ ನಿಲುಗಡೆ ಇದೆ. ಸ್ಮಾರ್ಟ್ ಎಂಬುದು ಎಲ್ಲರೂ ತಾವಾಗಿ ಹೊರಹೋಗುವವರೆಗೆ ಕಾಯುತ್ತದೆ; ಫಾಸ್ಟ್ ಎಂಬುದು ಅರ್ಧ ವ್ಯವಹಾರಗಳನ್ನು ಹಿಂದೆಗೆದು, ಎಲ್ಲರನ್ನೂ ಹೊರಗೆ ಕಳಿಸಿ ಅಚ್ಚುಕಟ್ಟಾಗಿ ಮುಚ್ಚುತ್ತದೆ; ಇಮ್ಮೀಡಿಯೆಟ್ ಎಂಬುದು ಕರೆಂಟು ಹೋದದ್ದಕ್ಕೆ ಸಮ. ನಿಮಗೆ ಬೇಕಾದ್ದು ಫಾಸ್ಟ್.

ಡೇಟಾಬೇಸ್ ನಿಂತ ಮೇಲೆ ಆ ಸರ್ವರನ್ನು ಶಟ್‌ಡೌನ್ ಮಾಡಿ. ಅದರ ಹಿಂದೆ ಡೊಮೇನ್ ಸರ್ವರ್. ಹೆಸರು ಹುಡುಕಿಕೊಡುವ ಡಿಎನ್‌ಎಸ್ ಅದರಲ್ಲೇ ಇರುವುದರಿಂದ ಅದನ್ನು ಮೊದಲು ಆರಿಸಿದರೆ ಉಳಿದವು ಲಾಗಿನ್‌ಗೂ ಹೆಸರಿಗೂ ತಡಕಾಡಿ, ಆರುವುದಕ್ಕೇ ಹತ್ತಾರು ನಿಮಿಷ ತೆಗೆದುಕೊಳ್ಳುತ್ತವೆ. ಆಮೇಲೆ ನ್ಯಾಸ್, ಅದರದೇ ವೆಬ್ ಪುಟದಿಂದ. ಕೊನೆಗೆ ಸ್ವಿಚ್ ಮತ್ತು ರೂಟರ್. ಇವಕ್ಕೆ ಶಟ್‌ಡೌನ್ ಇರುವುದು ಅಪರೂಪ, ಪ್ಲಗ್ ತೆಗೆದರಾಯಿತು. ಎಲ್ಲ ಆರಿದ ಮೇಲೆ ಯುಪಿಎಸ್ಸನ್ನೂ ಆರಿಸಿ. ಆನ್ ಆಗಿಯೇ ಬಿಟ್ಟರೆ ಅದು ದಿನವಿಡೀ ಖಾಲಿ ಕೂತು ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಬರಿದಾಗಿ ಹಾಗೇ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಶಕ್ತಿ ಕುಂದುತ್ತದೆ. ಕೊನೆಗೆ ಯುಪಿಎಸ್‌ನ ಇನ್‌ಪುಟ್ ಎಂಸಿಬಿ ಕೆಳಗಿಳಿಸಿ. ಏಸಿಯನ್ನು ಸರ್ವರ್‌ಗಳ ನಂತರ ಆರಿಸಬೇಕು, ಎಬ್ಬಿಸುವಾಗ ಅವಕ್ಕಿಂತ ಮೊದಲು ಹಾಕಬೇಕು.

ಕರೆಂಟು ಬಂತೆಂದು ಕೂಡಲೇ ಎಂಸಿಬಿ ಎತ್ತಬೇಡಿ. ಟ್ರಾನ್ಸ್‌ಫಾರ್ಮರ್ ಅಥವಾ ಲೈನ್ ಕೆಲಸ ಆದ ದಿನ ನ್ಯೂಟ್ರಲ್ ಸಡಿಲವಾಗಿರುವ ಸಾಧ್ಯತೆ ಉಳಿದ ದಿನಗಳಿಗಿಂತ ಹೆಚ್ಚು. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟುಕೊಂಡರೆ 230 ವೋಲ್ಟ್ ಇರಬೇಕಾದ ಸಾಕೆಟ್ಟಿನಲ್ಲಿ 300, 350, ಕೆಟ್ಟ ಸಂದರ್ಭದಲ್ಲಿ 400ರ ಹತ್ತಿರವೂ ಬರಬಹುದು. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 216ರಿಂದ 244 ವೋಲ್ಟ್ ಒಳಗೆ ಇರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಮೊದಲನೆಯದು ಸರಿಯಿದ್ದು ಎರಡನೆಯದು ಸೊನ್ನೆಯ ಹತ್ತಿರ, ಮೂರನೆಯದು 230ರ ಹತ್ತಿರ ಬಂದರೆ ಫೇಸ್, ನ್ಯೂಟ್ರಲ್ ಅದಲುಬದಲಾಗಿವೆ. ಅದನ್ನು ಸರಿಪಡಿಸಿದ ಮೇಲೂ ಹದಿನೈದು ನಿಮಿಷ ಕಾಯಿರಿ, ಹೊಸ ಲೈನ್ ಬಂದು ಹೋಗಿ ಮಾಡುವುದು ಸಾಮಾನ್ಯ.

ಇನ್ನು ಎಬ್ಬಿಸುವುದು. ಯುಪಿಎಸ್, ಏಸಿ, ಆಮೇಲೆ ರೂಟರ್ ಮತ್ತು ಸ್ವಿಚ್. ಸ್ವಿಚ್ ಪೂರ್ತಿ ಎದ್ದು ಪೋರ್ಟ್ ದೀಪಗಳು ನೆಲೆಗೊಳ್ಳಲು ಐದು ನಿಮಿಷ ಕೊಡಿ. ಸರ್ವರ್ ಮೊದಲೇ ಎದ್ದರೆ ಅದಕ್ಕೆ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಸಿಗದೆ 169.254 ಎಂದು ಶುರುವಾಗುವ ವಿಳಾಸ ಹಿಡಿದು ಕೂರುತ್ತದೆ. ಆಮೇಲೆ ನ್ಯಾಸ್, ಅದರ ಹಂಚಿದ ಫೋಲ್ಡರ್ ಒಂದು ಲ್ಯಾಪ್‌ಟಾಪ್‌ನಿಂದ ತೆರೆಯುವವರೆಗೂ ಸರ್ವರ್ ಮುಟ್ಟಬೇಡಿ. ಡೇಟಾಬೇಸ್ ಸರ್ವರ್ ಲಿನಕ್ಸ್ ಆಗಿದ್ದು ನ್ಯಾಸ್ ಫೋಲ್ಡರನ್ನು ಮೌಂಟ್ ಮಾಡುತ್ತಿದ್ದರೆ (ತನ್ನದೇ ಫೋಲ್ಡರಿನಂತೆ ಜೋಡಿಸಿಕೊಳ್ಳುತ್ತಿದ್ದರೆ) ಇಲ್ಲೊಂದು ಕಣ್ಣಿಗೆ ಬೀಳದ ಅಪಾಯವಿದೆ. ನ್ಯಾಸ್ ಇಲ್ಲದಾಗ ಮೌಂಟ್ ತಪ್ಪಿದರೂ ಆ ಹೆಸರಿನ ಖಾಲಿ ಫೋಲ್ಡರ್ ಸರ್ವರ್‌ನಲ್ಲೇ ಇರುತ್ತದೆ. ತಂತ್ರಾಂಶ ತಿಳಿಯದೆ ಅದರೊಳಗೇ ಬರೆಯುತ್ತದೆ. ನ್ಯಾಸ್ ಬಂದು ಮೌಂಟ್ ಆದೊಡನೆ ಆ ಕಡತಗಳು ಅದರಡಿ ಮುಚ್ಚಿಹೋಗುತ್ತವೆ. ಹೋಯಿತೆಂದು ಅಳುವ ದಾಖಲೆ ಸರ್ವರಿನ ಹೊಟ್ಟೆಯಲ್ಲೇ ಇರುತ್ತದೆ. ಆ ಖಾಲಿ ಫೋಲ್ಡರಿಗೆ ಬರೆಯುವ ಅನುಮತಿಯನ್ನೇ ತೆಗೆದಿಡುವುದು ಒಳ್ಳೆಯ ಅಭ್ಯಾಸ.

ನ್ಯಾಸ್ ಹಿಂದೆ ಡೊಮೇನ್ ಸರ್ವರ್. ಅದು ಎದ್ದೊಡನೆ ಗಡಿಯಾರ ನೋಡಿ. ಡೊಮೇನ್ ಲಾಗಿನ್‌ಗೆ ಬಳಸುವ ಕರ್ಬರೋಸ್ ವ್ಯವಸ್ಥೆ ಐದು ನಿಮಿಷಕ್ಕಿಂತ ಹೆಚ್ಚಿನ ಸಮಯದ ಅಂತರ ಸಹಿಸುವುದಿಲ್ಲ. ಮದರ್‌ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿ ಸತ್ತಿದ್ದರೆ, ವರ್ಷವಿಡೀ ಕರೆಂಟು ಇದ್ದದ್ದರಿಂದ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಮೊದಲ ಸಲ ಪ್ಲಗ್ ತೆಗೆದ ದಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಪಾಸ್‌ವರ್ಡ್ ಸರಿಯಿದ್ದರೂ ಯಾರಿಗೂ ಲಾಗಿನ್ ಆಗುವುದಿಲ್ಲ. ಹತ್ತಾರು ರೂಪಾಯಿಯ ಆ ಬ್ಯಾಟರಿ ಎರಡನ್ನು ತಂದಿಟ್ಟುಕೊಳ್ಳಿ. ಡೊಮೇನ್ ಸರ್ವರ್‌ಗೆ ಲಾಗಿನ್ ಆದ ಮೇಲಷ್ಟೇ ಡೇಟಾಬೇಸ್ ಸರ್ವರನ್ನು ಎಬ್ಬಿಸಿ. ಅದು ಮೊದಲೇ ಎದ್ದರೆ, ವಿಂಡೋಸ್ ಆಗಿದ್ದ ಪಕ್ಷದಲ್ಲಿ, ಡೊಮೇನ್ ಕಾಣದೆ ನೆಟ್‌ವರ್ಕನ್ನು ಪಬ್ಲಿಕ್ ಎಂದು ಗುರುತಿಸಿ ಫೈರ್‌ವಾಲ್ ಬಿಗಿ ಮಾಡಿಕೊಳ್ಳುತ್ತದೆ. ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ) ಕೂಡ ಹೋಗದ ಸರ್ವರ್ ಕಂಡರೆ ಮೊದಲು ಇದನ್ನೇ ನೋಡಿ. ನೆಟ್‌ವರ್ಕ್ ಕಾರ್ಡನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಡೇಟಾಬೇಸ್ ಎದ್ದು, ಅದರ ಲಾಗ್‌ನಲ್ಲಿ ದೋಷದ ಸಾಲು ಇಲ್ಲವೆಂದು ಕಂಡ ಮೇಲೆ ಲೆಕ್ಕದ ತಂತ್ರಾಂಶ. ಒಂದೇ ಕಂಪ್ಯೂಟರಿನಿಂದ ಒಂದು ಖಾತೆ ತೆರೆದು, ಶನಿವಾರದ ಕೊನೆಯ ಶಿಲ್ಕು ಹೊಂದುತ್ತದೆಯೇ ನೋಡಿ. ಹೊಂದಿದರೆ ಶಾಖೆಗಳಿಗೆ ಫೋನು ಮಾಡಿ.

ಪ್ರಶ್ನೆ: ಆಸ್ಪತ್ರೆಯ ಸರ್ವರ್‌ಗೆ ಯುಪಿಎಸ್ ಇದೆ. ಹಾಗಿದ್ದೂ ಮಳೆಗಾಲದ ರಾತ್ರಿ ಕರೆಂಟು ಹೋಗಿ, ಬ್ಯಾಟರಿ ಮುಗಿದು, ಸರ್ವರ್ ಧಡಕ್ಕನೆ ಆರಿಹೋಗುತ್ತದೆ. ದೊಡ್ಡ ಬ್ಯಾಟರಿ ಹಾಕಿಸಬೇಕೆ? (ಕಂಪ್ಯೂಟರ್ ಮೇಲ್ವಿಚಾರಕ, ಸಾಗರ)

ಉತ್ತರ: ಮೊದಲು ಒಂದು ಯುಎಸ್‌ಬಿ ಕೇಬಲ್ ಹಾಕಿ. ನಿಮ್ಮ ಯುಪಿಎಸ್‌ನ ಹಿಂದೆ ಯುಎಸ್‌ಬಿ ಅಥವಾ ಸೀರಿಯಲ್ ಪೋರ್ಟ್ ಇದ್ದೇ ಇರುವ ಸಂಭವ ಹೆಚ್ಚು, ಬಹಳ ಕಡೆ ಅದಕ್ಕೆ ಏನನ್ನೂ ಸಿಕ್ಕಿಸಿರುವುದಿಲ್ಲ. ಕೇಬಲ್ ಇಲ್ಲದೆ ಕರೆಂಟು ಹೋದದ್ದು ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ನಟ್ ಎಂಬ ಉಚಿತ ತಂತ್ರಾಂಶ ಬಹಳಷ್ಟು ಕಂಪನಿಗಳ ಯುಪಿಎಸ್‌ಗಳೊಡನೆ ಮಾತಾಡುತ್ತದೆ. ಎಪಿಸಿ ಯುಪಿಎಸ್ ಆದರೆ ಎಪಿಸಿಯುಪಿಎಸ್‌ಡಿ ಎಂಬುದೂ ಇದೆ.

ಬ್ಯಾಟರಿ ಕಡಿಮೆಯಾಗಿದೆ ಎಂಬ ಯುಪಿಎಸ್‌ನ ಸೂಚನೆಯನ್ನೇ ನಂಬಿ ಕೂರಬೇಡಿ. ಹಳೆಯ ಬ್ಯಾಟರಿಯಲ್ಲಿ ಆ ಸೂಚನೆ ಬಂದ ಇಪ್ಪತ್ತು ಸೆಕೆಂಡಿಗೇ ಎಲ್ಲ ಮುಗಿದಿರಬಹುದು. ಕರೆಂಟು ಹೋಗಿ ಐದು ನಿಮಿಷವಾದರೂ ಬರದಿದ್ದರೆ ಶಟ್‌ಡೌನ್ ಶುರುವಾಗಲಿ ಎಂದು ಟೈಮರ್ ಹಾಕಿ. ಎರಡು 12 ವೋಲ್ಟ್, 7 ಎಎಚ್ (ಆಂಪಿಯರ್‌ಅವರ್) ಬ್ಯಾಟರಿಯ ಒಂದು ಕೆವಿಎ ಯುಪಿಎಸ್‌ನ ಲೆಕ್ಕ ಮಾಡೋಣ. ಕಾಗದದ ಮೇಲೆ 168 ವ್ಯಾಟ್‌ಅವರ್. ಆದರೆ ಆ 7 ಎಎಚ್ ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗಿನ ಅಳತೆ. 300 ವ್ಯಾಟ್ ಸರ್ವರ್ ಜೋರಾಗಿ ಎಳೆದಾಗ ಅರ್ಧ ಸಿಕ್ಕರೆ ಹೆಚ್ಚು. ಹೊಸದಿದ್ದಾಗ ಹದಿನೈದು ನಿಮಿಷ, ಮೂರು ವರ್ಷದ ಮೇಲೆ ಆರೇಳು ನಿಮಿಷ ಎಂದಿಟ್ಟುಕೊಳ್ಳಿ. ನಿಮ್ಮ ಸರ್ವರ್ ಪೂರ್ತಿ ಆರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ, ಐದು ನಿಮಿಷದ ಜತೆ ಅದನ್ನು ಕೂಡಿ, ಬರುವುದು ಬ್ಯಾಟರಿಯ ಹೊತ್ತಿಗಿಂತ ಬಹಳ ಕಡಿಮೆ ಇರಬೇಕು.

ನೆಟ್‌ವರ್ಕ್ ಸ್ವಿಚ್ಚೂ ಅದೇ ಯುಪಿಎಸ್ ಮೇಲಿರಲಿ. ಎರಡು ಸರ್ವರ್ ಇದ್ದರೆ ಕೇಬಲ್ ಇರುವುದು ಒಂದಕ್ಕೆ. ಇನ್ನೊಂದಕ್ಕೆ ಸುದ್ದಿ ಹೋಗುವುದು ನೆಟ್‌ವರ್ಕ್ ಮೂಲಕ. ಸ್ವಿಚ್ ಮೊದಲೇ ಸತ್ತರೆ ಸುದ್ದಿ ಮುಟ್ಟುವುದಿಲ್ಲ. ನಟ್‌ನಲ್ಲಿ ಮುಖ್ಯ ಸರ್ವರ್ ಉಳಿದವಕ್ಕಾಗಿ ಕಾಯುವ ಅವಧಿ ಮಾಮೂಲಿಯಾಗಿ 15 ಸೆಕೆಂಡು ಮಾತ್ರ. ಡೇಟಾಬೇಸ್ ಇರುವ ಕಡೆ ಅದನ್ನು 120ಕ್ಕೆ ಏರಿಸಿ. ಲೇಸರ್ ಪ್ರಿಂಟರನ್ನು ಮಾತ್ರ ಈ ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದರ ಫ್ಯೂಸರ್ (ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟಿಗೆ ಯುಪಿಎಸ್ ಓವರ್‌ಲೋಡ್ ಆಗಿ ನಿಲ್ಲಬಹುದು.

ಬ್ಯಾಟರಿ ಬದಲಿಸಿದರೆ ಅದರ ಮೇಲೆ ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿ. 25 ಡಿಗ್ರಿಯಲ್ಲಿ ಮೂರರಿಂದ ಐದು ವರ್ಷ ಬಾಳುವ ಬ್ಯಾಟರಿ, ಸುಮಾರು ಹತ್ತು ಡಿಗ್ರಿ ಹೆಚ್ಚು ಬಿಸಿಯ ಕೋಣೆಯಲ್ಲಿ ಅದರ ಅರ್ಧಕ್ಕೇ ಸೋಲುತ್ತದೆ.

ಪ್ರಶ್ನೆ: ಕರೆಂಟು ಬಂದೊಡನೆ ನಾಲ್ಕೂ ಸರ್ವರ್ ಒಟ್ಟಿಗೇ ಆನ್ ಆಗುತ್ತವೆ, ಎಂಸಿಬಿ ಟ್ರಿಪ್ ಆಗುತ್ತದೆ. ಎತ್ತಿದರೆ ಮತ್ತೆ ಅದೇ. (ಕಲಬುರಗಿ)

ಉತ್ತರ: ಎರಡು ವಿಷಯ ಸೇರಿಕೊಂಡಿವೆ. ಆರಿದ್ದ ಪವರ್ ಸಪ್ಲೈಗೆ ಕರೆಂಟು ಕೊಟ್ಟ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ ಅದರ ಖಾಲಿ ಕೆಪಾಸಿಟರ್‌ಗಳು ಹತ್ತಾರು ಆಂಪಿಯರ್ ಎಳೆಯುತ್ತವೆ. ನಾಲ್ಕು ಸರ್ವರ್, ಒಂದೊಂದಕ್ಕೆ ಎರಡು ಸಪ್ಲೈ ಎಂದರೆ ಎಂಟು ಒಟ್ಟಿಗೇ. ಮನೆ ಬಳಕೆಯ ಬಿ ಕರ್ವ್ ಎಂಸಿಬಿ ತನ್ನ ಅಳತೆಯ ಮೂರರಿಂದ ಐದು ಪಟ್ಟಿಗೇ ಬೀಳುತ್ತದೆ, ಸಿ ಕರ್ವ್ ಐದರಿಂದ ಹತ್ತು ಪಟ್ಟು ತಡೆಯುತ್ತದೆ. ಎಲೆಕ್ಟ್ರಿಷಿಯನ್‌ಗೆ ತೋರಿಸಿ ಅದೇ ಆಂಪಿಯರ್‌ನ ಸಿ ಕರ್ವ್ ಹಾಕಿಸಿ. ಆಂಪಿಯರ್ ಹೆಚ್ಚಿಸಿ ಕೂರಿಸಬೇಡಿ, ವೈರ್ ಸುಟ್ಟೀತು. ಸಾಧ್ಯವಾದರೆ ಎರಡು ಸರ್ಕ್ಯೂಟ್‌ಗೆ ಹಂಚಿ.

ಎರಡನೆಯದು ಬಯೋಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ) ಕರೆಂಟು ಮರಳಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್. ಅಲ್ಲಿ ಮೂರು ಆಯ್ಕೆ: ಆರಿಯೇ ಇರು, ಹಿಂದಿನ ಸ್ಥಿತಿಗೆ ಹೋಗು, ಯಾವಾಗಲೂ ಆನ್ ಆಗು. ಡೆಲ್, ಎಚ್‌ಪಿಇ ಸರ್ವರ್‌ಗಳಲ್ಲಿ ಇದರ ಜತೆ ಎಷ್ಟು ಸೆಕೆಂಡು ತಡವಾಗಿ ಎಂಬುದನ್ನೂ ಹಾಕಬಹುದು. ಡೊಮೇನ್ ಸರ್ವರ್ ಮೊದಲು, ಡೇಟಾಬೇಸ್ ಅದರ ಹಿಂದೆ, ಹೀಗೆ ಒಂದಾದ ಮೇಲೊಂದು ಏಳುವಂತೆ ಕೊಡಿ. ತಡದ ಸೌಲಭ್ಯ ಇಲ್ಲದ ಯಂತ್ರವನ್ನು ಆರಿಯೇ ಇರು ಎಂಬಲ್ಲಿ ಬಿಟ್ಟು, ಕೈಯಿಂದ ಎಬ್ಬಿಸುವುದು ಮೇಲು.

ಯುಪಿಎಸ್ ತಂತ್ರಾಂಶ ಸರ್ವರನ್ನು ತಾನೇ ಆರಿಸುವ ಏರ್ಪಾಡಿದ್ದರೆ 'ಹಿಂದಿನ ಸ್ಥಿತಿ' ಎಂಬ ಆಯ್ಕೆ ಮೋಸ ಮಾಡುತ್ತದೆ. ಸರ್ವರ್ ಸರಿಯಾಗಿ ಶಟ್‌ಡೌನ್ ಆಗಿತ್ತಲ್ಲ, ಅದರ ಹಿಂದಿನ ಸ್ಥಿತಿ ಆಫ್. ಕರೆಂಟು ಬಂದರೂ ಅದು ಆರಿಯೇ ಇರುತ್ತದೆ. ಅಲ್ಲಿ 'ಯಾವಾಗಲೂ ಆನ್' ಬೇಕು. ಜತೆಗೆ, ಸರ್ವರ್ ಆರುತ್ತಿರುವ ನಡುವೆಯೇ ಕರೆಂಟು ಬಂದುಬಿಟ್ಟರೆ ಯುಪಿಎಸ್‌ನ ಔಟ್‌ಪುಟ್ ಕಡಿದೇ ಇರುವುದಿಲ್ಲ, ಸರ್ವರ್‌ಗೆ ಕರೆಂಟು ಮರಳಿದ್ದು ತಿಳಿಯುವುದೇ ಇಲ್ಲ. ಅದಕ್ಕೇ ಶಟ್‌ಡೌನ್‌ನ ಕಡೆಯ ಹೆಜ್ಜೆಯಾಗಿ ಯುಪಿಎಸ್ ತನ್ನ ಔಟ್‌ಪುಟ್ಟನ್ನು ಒಮ್ಮೆ ಕಡಿದು ಮತ್ತೆ ಕೊಡುವಂತೆ ಹೊಂದಿಸಬೇಕು. ನಟ್‌ನಲ್ಲಿ ಈ ವ್ಯವಸ್ಥೆ ಇದೆ. ಬ್ಯಾಟರಿ ಇಷ್ಟು ಶೇಕಡಾ ತುಂಬಿದ ಮೇಲಷ್ಟೇ ಔಟ್‌ಪುಟ್ ಕೊಡು ಎಂಬ ಸೆಟ್ಟಿಂಗ್ ನಿಮ್ಮ ಯುಪಿಎಸ್‌ನಲ್ಲಿದ್ದರೆ ಅದನ್ನೂ ಹಾಕಿ. ಬಂದ ಕರೆಂಟು ಹತ್ತೇ ನಿಮಿಷಕ್ಕೆ ಮತ್ತೆ ಹೋದರೆ ಆಗ ಬ್ಯಾಟರಿಯಲ್ಲಿ ಒಂದು ಶಟ್‌ಡೌನ್‌ಗಾಗುವಷ್ಟಾದರೂ ಉಳಿದಿರುತ್ತದೆ.

ಪ್ರಶ್ನೆ: ಆಯುಧಪೂಜೆಗೆ ಸರ್ವರ್ ಆರಿಸಿ, ಧೂಳು ಒರೆಸಿ ಪೂಜೆ ಮಾಡುವುದು ನಮ್ಮಲ್ಲಿ ವಾಡಿಕೆ. ಯಾವ ಎಚ್ಚರ ಬೇಕು? (ಸಣ್ಣ ಕೈಗಾರಿಕೆ, ಪೀಣ್ಯ)

ಉತ್ತರ: ವರ್ಷಕ್ಕೊಮ್ಮೆ ಧೂಳು ತೆಗೆಯುವುದು ಸರ್ವರ್‌ಗೆ ಒಳ್ಳೆಯದೇ. ಶಟ್‌ಡೌನ್ ಆದ ಮೇಲೆ ಎರಡೂ ಪವರ್ ಕೇಬಲ್ ಕಿತ್ತಿಡಿ. ಒಂದು ಕೇಬಲ್ ಉಳಿದರೂ ಆರಿದಂತೆ ಕಾಣುವ ಮದರ್‌ಬೋರ್ಡಿನಲ್ಲಿ ಸ್ಟ್ಯಾಂಡ್‌ಬೈ ಕರೆಂಟು ಹರಿಯುತ್ತಿರುತ್ತದೆ. ಕಿತ್ತ ಮೇಲೆ ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ, ಅರ್ಧ ನಿಮಿಷ ಕಾದು, ಒಳಗಿನ ಪುಟ್ಟ ದೀಪಗಳೆಲ್ಲ ಆರಿದ ಮೇಲೆ ಮುಚ್ಚಳ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಗೆ ಅದು ವೇಗ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಒಳಗೆ ಬೇಡ. ಡಿಸ್ಕ್‌ಗಳನ್ನು ಹೊರಗೆ ಎಳೆಯಬೇಡಿ. ಎಳೆಯಲೇಬೇಕಾದರೆ ಯಾವ ಕಿಂಡಿಯದು ಯಾವುದೆಂದು ಮೊದಲೇ ಸಂಖ್ಯೆ ಬರೆದುಕೊಳ್ಳಿ.

ಸರ್ವರ್ ಗಾಳಿ ಎಳೆಯುವುದು ಮುಂಭಾಗದ ಜಾಲರಿಯಿಂದ. ಅರಿಶಿನ, ಕುಂಕುಮ, ವಿಭೂತಿಯ ಪುಡಿ ಅಲ್ಲಿ ಬಿದ್ದರೆ ಆನ್ ಮಾಡಿದೊಡನೆ ನೇರ ಒಳಕ್ಕೆ ಹೋಗಿ ಹೀಟ್‌ಸಿಂಕ್ ಸಂದಿಯಲ್ಲಿ ಕೂರುತ್ತದೆ. ರ‍್ಯಾಕಿನ ಚೌಕಟ್ಟಿನ ಪಕ್ಕಕ್ಕೆ ಬೊಟ್ಟಿಟ್ಟು, ಹೂವನ್ನು ಜಾಲರಿ ಮುಚ್ಚದ ಹಾಗೆ ಇಡಿ. ಧೂಪ, ಆರತಿ, ಕಾಯಿ ಒಡೆಯುವುದು ಕೋಣೆಯ ಹೊಸಿಲಿನಾಚೆ ನಡೆಯಲಿ. ಪೂಜೆ ಮುಗಿಯುವವರೆಗೆ ಸರ್ವರ್ ಆರಿಯೇ ಇರಲಿ.

ಪ್ರಶ್ನೆ: ಲಿನಕ್ಸ್ ಸರ್ವರ್ ಪೂರ್ತಿ ಸ್ತಬ್ಧವಾಗಿ, ಕೀಬೋರ್ಡಿಗೂ ಬಗ್ಗದಿದ್ದಾಗ ಬಟನ್ ಒತ್ತಿ ಹಿಡಿಯುವುದು ಬಿಟ್ಟು ಬೇರೆ ದಾರಿ ಇದೆಯೇ? (ಮಂಗಳೂರು)

ಉತ್ತರ: ಇದೆ. ಮೊದಲು ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತದೆಯೇ ನೋಡಿ, ಎಷ್ಟೋ ಸಲ ಪರದೆ ಮಾತ್ರ ಸತ್ತಿರುತ್ತದೆ. ಆಗದಿದ್ದರೆ ಆಲ್ಟ್ ಮತ್ತು ಸಿಸ್‌ರಿಕ್ (ಪ್ರಿಂಟ್‌ಸ್ಕ್ರೀನ್ ಕೀಲಿಯೇ) ಹಿಡಿದುಕೊಂಡು, ಐದೈದು ಸೆಕೆಂಡು ಬಿಟ್ಟು ಎಸ್, ಯು, ಬಿ ಅಕ್ಷರಗಳನ್ನು ಒಂದೊಂದಾಗಿ ಒತ್ತಿ. ಎಸ್ ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಇಳಿಸುತ್ತದೆ, ಯು ಡಿಸ್ಕನ್ನು ಓದುವುದಕ್ಕೆ ಮಾತ್ರ ಎಂದು ಮಾಡುತ್ತದೆ, ಬಿ ರೀಬೂಟ್ ಮಾಡುತ್ತದೆ. ಆರಿಸುವುದಾದರೆ ಬಿ ಬದಲು ಓ. ಇವುಗಳ ಮುಂಚೆ ಆರ್, ಇ, ಐ ಕೂಡ ಒತ್ತುವ ಕ್ರಮವಿದೆ, ಆದರೆ ಉಬುಂಟುವಿನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಇ ಮತ್ತು ಐಗೆ ಅನುಮತಿ ಇಲ್ಲ. ಎಸ್, ಯು, ಬಿ ನಡೆಯುತ್ತವೆ. ವಿಂಡೋಸ್ ಸರ್ವರ್ ಅಪ್‌ಡೇಟ್ ಹಾಕಿಕೊಳ್ಳುತ್ತಾ ಗಂಟೆಗಟ್ಟಲೆ ನಿಂತಂತೆ ಕಂಡರೆ ಅದನ್ನು ಸ್ತಬ್ಧವೆಂದುಕೊಳ್ಳಬೇಡಿ. ಡಿಸ್ಕಿನ ದೀಪ ಮಿನುಗುತ್ತಿರುವಷ್ಟು ಹೊತ್ತೂ ಕಾಯಿರಿ.

ಪ್ರಶ್ನೆ: ಯುಪಿಎಸ್ ಬದಲು ಮನೆಯ ಇನ್ವರ್ಟರ್‌ಗೆ ಸರ್ವರ್ ಸಿಕ್ಕಿಸಬಹುದೇ? (ಶಿರಸಿ)

ಉತ್ತರ: ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಬೇಡ; ಸರ್ವರ್‌ಗಳ ಪವರ್ ಸಪ್ಲೈ ಆ ಅಲೆಗೆ ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ, ಕೆಲವು ಆರಿಯೇ ಹೋಗುತ್ತವೆ. ಪ್ಯೂರ್ ಸೈನ್ ವೇವ್ ಆದರೂ ಬದಲಾವಣೆಯ ಹೊತ್ತು ನೋಡಬೇಕು. ಕರೆಂಟು ಹೋದ ಮೇಲೆ ಪವರ್ ಸಪ್ಲೈ ತನ್ನ ಕೆಪಾಸಿಟರ್ ಬಲದಲ್ಲಿ ತಡೆಯುವುದು ಸುಮಾರು 16ರಿಂದ 20 ಮಿಲಿಸೆಕೆಂಡು. ಇನ್ವರ್ಟರಿನ ಹಿಂದಿರುವ ಗುಂಡಿ ಯುಪಿಎಸ್ ಮೋಡ್‌ನಲ್ಲಿದ್ದರೆ ಅಷ್ಟರೊಳಗೆ ಬದಲಾಗುತ್ತದೆ. ಮಾಮೂಲಿ ಮೋಡ್‌ನಲ್ಲಿ ಅದಕ್ಕೂ ಹೆಚ್ಚು ಹಿಡಿಯುತ್ತದೆ, ಸರ್ವರ್ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್‌ಗೆ ಸಾಮಾನ್ಯವಾಗಿ ಸರ್ವರ್‌ಗೆ ಸುದ್ದಿ ಕೊಡುವ ಪೋರ್ಟ್ ಇರುವುದಿಲ್ಲ. ಇನ್ವರ್ಟರ್ ಮತ್ತು ಸರ್ವರ್ ನಡುವೆ ಒಂದು ಸಣ್ಣ ಆನ್‌ಲೈನ್ ಯುಪಿಎಸ್ (ಬದಲಾವಣೆಯ ಹೊತ್ತೇ ಇಲ್ಲದ ಬಗೆ) ಇಟ್ಟು ಅದರಿಂದ ಸರ್ವರ್ ನಡೆಸುವುದು ನಿಮ್ಮ ಕಡೆಯ ದೀರ್ಘ ಕರೆಂಟ್ ಕಡಿತಕ್ಕೆ ಹೊಂದುತ್ತದೆ.

ಪ್ರಶ್ನೆ: ನಾನಿರುವುದು ಬೆಂಗಳೂರಿನಲ್ಲಿ, ಸರ್ವರ್ ಹುಬ್ಬಳ್ಳಿಯಲ್ಲಿ. ರೀಸ್ಟಾರ್ಟ್ ಬದಲು ತಪ್ಪಿ ಶಟ್‌ಡೌನ್ ಕೊಟ್ಟರೆ ಗತಿ ಏನು?

ಉತ್ತರ: ಸರ್ವರಿನಲ್ಲಿ ಐಡ್ರಾಕ್ ಅಥವಾ ಐಲೋ (ಸರ್ವರನ್ನು ದೂರದಿಂದ ನಿಯಂತ್ರಿಸಲು ಅದರೊಳಗೇ ಇರುವ ಪುಟ್ಟ ಯಂತ್ರ) ಇದ್ದರೆ, ಅದರ ಪೋರ್ಟಿಗೆ ಕೇಬಲ್ ಹಾಕಿ, ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಒಳಗಿನಿಂದ ಮಾತ್ರ ಸಿಗುವ ಐಪಿ ಕೊಟ್ಟು, ಮಾಮೂಲಿ ಪಾಸ್‌ವರ್ಡ್ ಬದಲಿಸಿ ಇಡಿ. ಅದು ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ ಬದುಕಿರುವುದರಿಂದ, ಆರಿದ ಸರ್ವರನ್ನು ಅಲ್ಲಿಂದಲೇ ಆನ್ ಮಾಡಬಹುದು. ಎಂದೂ ನೇರ ಇಂಟರ್ನೆಟ್‌ಗೆ ತೆರೆದಿಡಬೇಡಿ. ಐಡ್ರಾಕ್, ಐಲೋ ಇಲ್ಲದಿದ್ದರೆ ವೇಕ್ ಆನ್ ಲ್ಯಾನ್ (ಜಾಲದ ಮೂಲಕ ಯಂತ್ರ ಎಬ್ಬಿಸುವ ಸೌಲಭ್ಯ): ಬಯೋಸ್‌ನಲ್ಲೂ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್‌ನಲ್ಲೂ ಅದನ್ನು ತೆರೆದು, ಆ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ಬರೆದುಕೊಳ್ಳಿ. ಎಬ್ಬಿಸುವ ಪ್ಯಾಕೆಟ್ ಅದೇ ಲ್ಯಾನ್‌ನೊಳಗಿನಿಂದ ಹೊರಡಬೇಕು, ಆದ್ದರಿಂದ ಅಲ್ಲಿನ ರೂಟರಿನಿಂದಲೋ ಸದಾ ಎದ್ದಿರುವ ಇನ್ನೊಂದು ಯಂತ್ರದಿಂದಲೋ ಕಳಿಸಿ. ಕರೆಂಟು ಪೂರ್ತಿ ಹೋಗಿ ಬಂದ ಮೇಲೆ ಕೆಲವು ಕಾರ್ಡ್‌ಗಳು ಇದಕ್ಕೆ ಓಗೊಡುವುದಿಲ್ಲ. ಹುಬ್ಬಳ್ಳಿಯಲ್ಲಿ ಯಾರಾದರೂ ಪಕ್ಕದಲ್ಲಿರುವ ದಿನವೇ ಎರಡನ್ನೂ ಒಮ್ಮೊಮ್ಮೆ ಪರೀಕ್ಷಿಸಿ: ಒಮ್ಮೆ ಬರೀ ಶಟ್‌ಡೌನ್ ಮಾಡಿ ಎಬ್ಬಿಸಿ, ಇನ್ನೊಮ್ಮೆ ಶಟ್‌ಡೌನ್ ಆದ ಮೇಲೆ ಪ್ಲಗ್ಗನ್ನೇ ತೆಗೆಸಿ, ಒಂದು ನಿಮಿಷ ಬಿಟ್ಟು ಹಾಕಿಸಿ ಎಬ್ಬಿಸಿ.